ತ್ರೀ ಫೇಸ್ ಕ್ಯಾಸೆಟ್ಟಿನ ಹುಡುಗಿ

ನಮ್ಮ ರಾಕ್ ಬ್ಯಾಂಡಿನಲ್ಲಿ ಹುಡುಗಿ ಇರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಇವತ್ತಿಗೂ ಇದನ್ನು ನಂಬದವರಿದ್ದಾರೆ. ಇದ್ದದ್ದು ಮೂರೇ ಜನ, ಕೋಲಾರದ ಕಾಲೇಜಿನಲ್ಲಿ ಒಂದೇ ಬೆಂಚಿಗೆ ಅಂಟಿಕೊಂಡವರು. ನಾನು ಗಿಟಾರ್. ಗೌನಿಪಲ್ಲಿ ಕಡೆಯ ಮಾವಿನ ತೋಟದವರ ಮಗ ಡ್ರಮ್ಸ್, ಅಂದರೆ ಬೋರಲು ಹಾಕಿದ ಮಾವಿನ ಕ್ರೇಟು ಮತ್ತು ಒಂದು ಸೀಮೆಎಣ್ಣೆ ಡಬ್ಬ. ಹಾಡುವವನು ಮುಳಬಾಗಿಲಿನ ಅರ್ಚಕರ ಮಗ.

ಅವನದು ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಮಂತ್ರ ಹೇಳಿ ಹೇಳಿ ತಯಾರಾದ ಗಂಟಲು. ದಪ್ಪ ಅಂದರೆ ಅಷ್ಟು ದಪ್ಪ, ಕ್ಯಾಂಟೀನಿನಲ್ಲಿ ಬಾಯಿ ತೆಗೆದರೆ ಸ್ಟೀಲ್ ಲೋಟಗಳು ನಡುಗುತ್ತಿದ್ದವು. ಅವರಪ್ಪ ಮಾತ್ರ, "ಈ ಗಂಟಲು ದೇವರಿಗೇ ಮೀಸಲು ಕಣೋ, ಬೇರೆ ಹಾಡಿಗೆಲ್ಲ ಒಗ್ಗಲ್ಲ" ಅನ್ನುತ್ತಿದ್ದರು. ಒಗ್ಗುತ್ತೆ ಅಂತ ಅಪ್ಪನ ಕಿವಿಗೆ ಕೇಳಿಸಬೇಕು, ಅಷ್ಟೇ ಅವನ ಆಸೆ. ಅದಕ್ಕಾಗಿಯೇ ನಾವು ಕ್ಯಾಸೆಟ್ ಮಾಡಲು ಹೊರಟೆವು.

ಸ್ಟುಡಿಯೋ ಅಂದರೆ ಡ್ರಮ್ಮರ್ ಮನೆಯ ಗೋಡೌನು. ಸೀಸನ್ ಮುಗಿದು ಕಾಯಿ ಹಣ್ಣು ಮಾಡುವ ಹುಲ್ಲು ಮಾತ್ರ ಉಳಿದಿತ್ತು. ಆ ಹುಲ್ಲನ್ನೇ ಗೋಡೆಗೆಲ್ಲ ಒರಗಿಸಿ, ಸದ್ದು ಹೊರಗೆ ಹೋಗಲ್ಲ ಅಂತ ಬೀಗಿದೆವು. ಟೇಪ್ ರೆಕಾರ್ಡರ್ ಒಂದು, ಅದರ ಹೊಟ್ಟೆಯಲ್ಲೇ ಇದ್ದ ಮೈಕು ಒಂದು. "ಒನ್ ಟೂ ತ್ರೀ" ಅಂದರೆ ಅದೂ ರೆಕಾರ್ಡ್ ಆಗಿಬಿಡುತ್ತಿತ್ತು. ಹಾಗಾಗಿ ಮಾವಿನ ಮಂಡಿಯಲ್ಲಿ ಗುಟ್ಟಾಗಿ ರೇಟು ಕುದುರಿಸುವ ದಲ್ಲಾಳಿಗಳ ಹಾಗೆ ಟವೆಲ್ ಕೆಳಗೆ ಬೆರಳು ಹಿಸುಕಿ ಹಾಡು ಶುರು ಮಾಡುತ್ತಿದ್ದೆವು. ಕಚಗುಳಿಯಾಗಿ ಎಷ್ಟು ಹಾಡು ನಗುವಿನಲ್ಲೇ ಕೆಟ್ಟವೋ!

ಗೋಡೌನು ನಮ್ಮ ಕೈಗೆ ಸಿಗುತ್ತಿದ್ದದ್ದು ತ್ರೀ ಫೇಸ್ ಕರೆಂಟ್ ಬಂದಾಗ ಮಾತ್ರ. "ಲೇ, ಕರೆಂಟು ಒಚ್ಚಿಂದ್ರೋ!" ಅಂತ ಬೀದಿಯಲ್ಲಿ ಕೂಗೆದ್ದರೆ ಸಾಕು, ಮನೆಯವರೆಲ್ಲ ಬೋರ್‌ವೆಲ್ ಮೋಟರು ಹಾಕಲು ತೋಟಕ್ಕೆ ಓಡುತ್ತಿದ್ದರು, ನಾವು ಗೋಡೌನಿಗೆ ಓಡುತ್ತಿದ್ದೆವು. ಊರಿನ ಮೋಟರೆಲ್ಲ ಒಟ್ಟಿಗೆ ಹೊರಟು ಗೋಡೌನಿನ ಬಲ್ಬು ಬೀಡಿ ಕೆಂಡದಷ್ಟಾಗುತ್ತಿತ್ತು. ಆ ಕೆಂಪು ಬೆಳಕಿನಲ್ಲಿ ನಮ್ಮ ಗಾಯಕ ಕಣ್ಣು ಮುಚ್ಚಿ ಹಾಡಿದರೆ ನಾನು ಖುಷಿಗೆ ತಂತಿ ಹರಿಯುವ ಹಾಗೆ ಬಾರಿಸುತ್ತಿದ್ದೆ. ತಾಯಲೂರು ಬಸ್ಸು ನಿಲ್ಲಿಸದೆ ಹೋದದ್ದರ ಮೇಲೆ ಒಂದು ಹಾಡು, ಪಕ್ಕದ ಮನೆ ಸ್ಕೂಟರ್ ಮೇಲೆ ಒಂದು, ಅರ್ಧ ಕನ್ನಡ, ಅರ್ಧ ತೆಲುಗು. ಒಂದರ ನಡುವೆ ಮೇಕೆ ಅರಚಿದ್ದೂ ಇದೆ. ಕರೆಂಟ್ ಹೋಗುವುದರೊಳಗೆ ಆದಷ್ಟು ಹಾಡಿ ಮುಗಿಸಬೇಕು ಅಂತ, ಹಾಡಿದ್ದನ್ನು ತಿರುಗಿಸಿ ಕೇಳಲು ಡ್ರಮ್ಮರ್ ಬಿಡಲೇ ಇಲ್ಲ. "ಎಲ್ಲಾ ಆದ್ಮೇಲೆ ಒಟ್ಟಿಗೆ ಕೇಳೋಣ ಇರ್ಲಾ" ಅನ್ನುತ್ತಿದ್ದ.

ಒಟ್ಟಿಗೇ ಕೇಳಿದೆವು, ಮುಳಬಾಗಿಲಿನಲ್ಲಿ, ಅವರಪ್ಪನ ಎದುರಿಗೆ. ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಗಾಯಕ ಮಡಿ ಪಂಚೆ ಉಟ್ಟು ಪರೀಕ್ಷೆಗೆ ಕೂತವನಂತೆ ಕೂತಿದ್ದ. ಟೇಪು ಓಡಿತು. ಒಳಗಿಂದ ಸಣ್ಣ ಕೀಚಲು ಧ್ವನಿಯೊಂದು ಲಗುಬಗೆಯಿಂದ ಹಾಡತೊಡಗಿತು.

ಅವರಪ್ಪ ತಲೆದೂಗಿದರು. "ಯಾರೋ ಈ ಹುಡುಗಿ? ಪರವಾಗಿಲ್ಲ, ಚೆನ್ನಾಗೇ ಹಾಡ್ತಾಳೆ."

ನಾನೂ ಡ್ರಮ್ಮರೂ ನಕ್ಕು ಬಿದ್ದೆವು. ಅವನು ನಗಲಿಲ್ಲ. ನಮ್ಮ ಧ್ವನಿ ನಮಗೆ ಒಂದು ಥರ, ಟೇಪಿನಲ್ಲಿ ಇನ್ನೊಂದು ಥರ ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಅವನು ಅದನ್ನೇ ನಂಬಿಬಿಟ್ಟ. "ಅಪ್ಪ ಹೇಳಿದ್ದೇ ಸರಿ ಕಣೋ" ಅಂದವನು ಅವತ್ತಿನಿಂದ ಮಂತ್ರ ಬಿಟ್ಟು ಬೇರೇನೂ ಹಾಡಲಿಲ್ಲ. ನಾವಿಬ್ಬರೂ ಎಷ್ಟು ಪೀಡಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಕ್ಯಾಸೆಟ್ ಮಾತ್ರ ಊರೂರು ತಿರುಗಿತು. 'ತ್ರೀ ಫೇಸ್' ಅಂತ ಹೆಸರು ಬರೆದು ಕೋಲಾರದ ಅಂಗಡಿಯಲ್ಲಿ ಕಾಪಿ ಹಾಕಿಸಿ, ಶ್ರೀನಿವಾಸಪುರದ ಪ್ರೈವೇಟ್ ಬಸ್ಸಿನ ಡ್ರೈವರಿಗೆ ಕೊಟ್ಟಿದ್ದೆ. ಜನ "ಆ ಹುಡುಗೀದು ಹಾಕಣ್ಣ" ಅಂತ ಕೇಳಿ ಹಾಕಿಸುತ್ತಿದ್ದರು. ಮೇಕೆ ಬರುವ ಜಾಗಕ್ಕೆ ಇಡೀ ಬಸ್ಸೇ "ಮ್ಯಾ" ಅನ್ನುತ್ತಿತ್ತು! ಒಮ್ಮೆ ಅದೇ ಬಸ್ಸಿನಲ್ಲಿದ್ದ ನಮ್ಮ ಗಾಯಕ ಹಾಡು ಶುರುವಾದದ್ದೇ ನಡುದಾರಿಯಲ್ಲಿ ಇಳಿದುಹೋದ.

ವರ್ಷಗಳು ಕಳೆದವು. ನಾನು ಮಾಲೂರಿನಲ್ಲಿ ಮೇಷ್ಟ್ರಾದೆ, ಅವನು ಅಪ್ಪನ ಜಾಗದಲ್ಲಿ ಅರ್ಚಕನಾದ. ಒಂದು ಭಾನುವಾರ ನನ್ನ ಮಗಳು ಹಳೇ ಟೇಪ್ ರೆಕಾರ್ಡರಿಗೆ ಬ್ಯಾಟರಿ ಶೆಲ್ಲು ತುಂಬಿ ನಮ್ಮ 'ತ್ರೀ ಫೇಸ್' ಕ್ಯಾಸೆಟ್ಟನ್ನು ಬೆಳಗಿನಿಂದ ಬಿಡದೆ ಆಡಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಶೆಲ್ಲು ಸೊರಗಿ, ಹಾಡು ನಿಧಾನವಾಯಿತು. ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದೇ ಓಡಿಬಂದೆ. ಟೇಪಿನೊಳಗೆ ಅವನು ಹಾಡುತ್ತಿದ್ದ. ಅವನೇ, ಲೋಟ ನಡುಗಿಸುವ ಆ ಗಂಟಲಿನವನು!

ಮಬ್ಬು ಬಲ್ಬು ಆಗ ನೆನಪಾಯಿತು. ಗೋಡೌನಿನಲ್ಲಿ ಕರೆಂಟಿಗೆ ಕಸುವಿಲ್ಲದೆ ಟೇಪು ತೆವಳಿಕೊಂಡು ರೆಕಾರ್ಡ್ ಆಗಿತ್ತು. ಒಳ್ಳೇ ಕರೆಂಟಿಗೆ ಹಾಕಿದಾಗಲೆಲ್ಲ ಓಡಿ ಓಡಿ ಕೀಚಲಾಗಿತ್ತು. ಈಗ ಸೊರಗಿದ ಶೆಲ್ಲು ಅದನ್ನು ಮತ್ತೆ ಅದೇ ನಿಧಾನಕ್ಕೆ ಇಳಿಸಿತ್ತು. ಹುಡುಗಿಯನ್ನು ಹುಟ್ಟಿಸಿದ್ದು ಗೌನಿಪಲ್ಲಿಯ ಮೋಟರುಗಳು! ನಾನು ಹುಚ್ಚನಂತೆ ನಗುತ್ತಾ ಟೇಪ್ ರಿವೈಂಡ್ ಮಾಡಿ ಅವನಿಗೆ ಫೋನ್ ಮಾಡಿದೆ.

"ಸ್ಪೀಕರ್ ಹಾಕು, ಮಾತಾಡಬೇಡ" ಅಂದು ಮೊಬೈಲನ್ನು ಟೇಪಿನ ಮುಂದೆ ಹಿಡಿದೆ.

ತಾಯಲೂರು ಬಸ್ಸಿನ ಹಾಡು ಶುರುವಾಯಿತು. ಆಮೇಲೆ ದೂರದಿಂದ ಅವರಪ್ಪನ ಮುದಿ ದನಿ ಕೇಳಿಸಿತು: "ಯಾರೋ ಅದು ಹಾಡ್ತಿರೋದು?"

"ನಾನೇ ಅಪ್ಪಾ" ಅಂದ.

ಅಷ್ಟರಲ್ಲಿ ಶೆಲ್ಲು ಪೂರ್ತಿ ಮುಗಿದು ಟೇಪು ಗೊಗ್ಗರಿಸಿ ನಿಂತಿತು. ಅಯ್ಯೋ ಅಂದುಕೊಂಡೆ. ಆದರೆ ಹಾಡು ನಿಲ್ಲಲಿಲ್ಲ. ಬಸ್ಸು ನಿಲ್ಲಿಸದೆ ಹೋದ ಸಾಲಿನಿಂದಲೇ ಅವನು ಎತ್ತಿಕೊಂಡಿದ್ದ. ಕೊನೆಯವರೆಗೂ ಹಾಡಿದ. ಮಾಲೂರಿನಲ್ಲಿ ನಾನೂ ಮಗಳೂ ಕೈಹಿಡಿದು ಕುಣಿಯುತ್ತಿದ್ದೆವು, ನನಗೆ ಅಳುವೂ ಬರುತ್ತಿತ್ತು.

ಹಾಡು ಮುಗಿದ ಮೇಲೆ ಮುದುಕರು ಗಂಟಲು ಸರಿಮಾಡಿಕೊಂಡು, "ಆ ಹುಡುಗಿಗಿಂತ ನೀನೇ ವಾಸಿ ಕಣೋ" ಅಂದರು.