ಅಬರ್ಡೀನಿನಲ್ಲಿ ಎಸೆದ ಒಣ ಶೆಟ್ಲಿ

ಒಣ ಶೆಟ್ಲಿಯನ್ನು ಎಣ್ಣೆ ಹಾಕದೆ ಬಾಣಲೆಯಲ್ಲಿ ಹುರಿಯುವಾಗ ಮೊದಲು ಏಳುವುದು ಬಿಸಿಲಿನ ವಾಸನೆ; ಕಡಲಿನದು ಆಮೇಲೆ. ಶೆಟ್ಲಿ ಎಂದರೆ ನಮ್ಮ ಕಾರವಾರದ ಕಡೆ ಸಿಗಡಿ. ಆ ವಾಸನೆ ಮೂಗಿಗೆ ತಾಗಿದ್ದೇ ಚೆಂಡಿಯಾ ಊರಿನ ನಮ್ಮ ಮನೆಯ ಅಂಗಳ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಂಗಳವೆಂದರೆ ಮರಳು, ಮರಳು ಮುಗಿದಲ್ಲಿ ಅಲೆ, ನಡುವೆ ಬೇಲಿ ಎಂಬುದೇ ಇಲ್ಲ. ನಾಡಹಂಚಿನ ಮಾಡು, ಜಗುಲಿಯ ಮೂಲೆಯಲ್ಲಿ ಯಾವಾಗಲೂ ಅರ್ಧ ಒದ್ದೆಯಾಗಿರುತ್ತಿದ್ದ ಬಲೆ. ಬೆಳಿಗ್ಗೆ ಅಪ್ಪನ ದೋಣಿ ಬಂದ ಮೇಲೆ ಮಾರಿ ಉಳಿದದ್ದನ್ನು ಅಜ್ಜಿ ತೆಂಗಿನ ಗರಿಯ ತಡಿಕೆಯ ಮೇಲೆ ಹರವಿ, ಕೈಯಲ್ಲೊಂದು ಕೋಲು ಹಿಡಿದು, ಕಾಗೆಗಳನ್ನು ಒಂದೊಂದಾಗಿ ಬೈಯುತ್ತ ಕೂರುತ್ತಿದ್ದಳು. ಕುಂಟು ಕಾಗೆಯೊಂದಕ್ಕೆ ಮಾತ್ರ ತಾನೇ ಎಸೆಯುತ್ತಿದ್ದಳು. ನಾನು ಅವಳ ನೆರಳಿನಲ್ಲಿ ಕೂತು ಇನ್ನೂ ಪೂರ್ತಿ ಒಣಗದ ಶೆಟ್ಲಿಯನ್ನು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ಬೈಗುಳ ಮಾತ್ರ ಕಾಗೆಗಳ ಪಾಲಿಗೇ ಹೋಗುತ್ತಿತ್ತು.

ನಾನು ಕನ್ನಡ ಶಾಲೆಯ ಎರಡನೆಯ ತರಗತಿಯಲ್ಲಿದ್ದಾಗ ಆ ಮನೆ, ಆ ಮರಳು, ಊರಿನ ದಂಡೆ ಎಲ್ಲ ನೌಕಾನೆಲೆಗೆ ಹೋಯಿತು. ದೇಶಕ್ಕೆ ಬೇಕಂತೆ ಎಂದರು. ದೇಶಕ್ಕೆ ಬೇಕಾದದ್ದು ಯಾವಾಗಲೂ ನಮ್ಮಂಥವರ ಅಂಗಳದಲ್ಲೇ ಯಾಕೆ ಇರುತ್ತದೆ ಎಂದು ಕೇಳುವಷ್ಟು ನಾನು ಬೆಳೆದಿರಲಿಲ್ಲ. ಬೆಳೆದವರು ಕೇಳಿ ಕೇಳಿ ದಣಿದಿದ್ದರು. ಹೆದ್ದಾರಿಯಾಚೆ, ಗುಡ್ಡದ ಬುಡದಲ್ಲಿ ನಮಗೊಂದು ಜಾಗ ಸಿಕ್ಕಿತು. ಅಲ್ಲಿ ಅಲೆ ಕೇಳುತ್ತಿರಲಿಲ್ಲ. ಮೊದಮೊದಲು ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಅಪ್ಪ ಅಂಕೋಲೆಯ ಕಡೆಯ ಸಂಬಂಧಿಕರ ದೋಣಿಯಲ್ಲಿ ಕೂಲಿಗೆ ಹೋದ. ಅವನು ತಂದದ್ದನ್ನು ಅಜ್ಜಿ ಹೊಸ ಮನೆಯ ಸಿಮೆಂಟಿನ ಅಂಗಳದಲ್ಲಿ ಹರವಿದ ಮೊದಲ ವಾರವೇ, ಪಕ್ಕದಲ್ಲಿ ಬಾಡಿಗೆಗೆ ಬಂದಿದ್ದ ನೌಕರನೊಬ್ಬ ಮೂಗಿಗೆ ಕರ್ಚೀಫು ಹಿಡಿದು ಬಂದು, ಇಲ್ಲಿ ಸಂಸಾರಸ್ಥರು ಇರುತ್ತಾರೆ ಎಂದ. ಅಜ್ಜಿ ಕೂತಲ್ಲಿಂದ ಏಳಲಿಲ್ಲ. "ನಾವು ಸಂಸಾರ ಮಾಡ್ತಾ ಇದ್ದ ಜಾಗ ಬೇರೆ ಇತ್ತು, ತಮಾ. ಅದನ್ನ ತಕಂಡೋರ ಹತ್ರ ಹೋಗಿ ಹೇಳು. ನಾ ವಾಸ್ನೆ ಹೊತ್ಕಂಡು ನಿನ್ನ ಮನೆಗೆ ಬಂದವಳಲ್ಲ" ಎಂದಳು. ಅವನು ತಿರುಗಿ ಹೋದ. ಆದರೆ ಅಂದಿನಿಂದ ಆ ಮನೆಯ ಮಕ್ಕಳನ್ನು ನಮ್ಮ ಜೊತೆ ಆಡಲು ಬಿಡಲಿಲ್ಲ. ನಿಮ್ಮ ಮನೆಯೂ ಹೀಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಮನೆ ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದು, ಆಮೇಲೆ ಎಲ್ಲಿ ಹೋದರೂ ಒಪ್ಪಿಗೆ ಕೇಳಿ ಬದುಕಬೇಕಾಗುವುದು ಮಾತ್ರ ಗಂಟಲಲ್ಲೇ ನಿಲ್ಲುತ್ತದೆ.

ನರ್ಸಿಂಗ್ ಮುಗಿಸಿ ಕೆಲವು ವರ್ಷ ದುಡಿದು, ಸ್ಕಾಲರ್‌ಶಿಪ್ ಸಿಕ್ಕಿ ಸಾರ್ವಜನಿಕ ಆರೋಗ್ಯ ಓದಲು ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋದೆ. ಬೂದು ಕಲ್ಲಿನ ಊರು, ಬೂದು ಕಡಲು, ಮಾಡಿನ ಮೇಲೆಲ್ಲ ಕಿರುಚುವ ಕಡಲಕ್ಕಿಗಳು. ಮೀನಿನ ಬಂದರು ಇರುವ ಊರೆಂದು ನನಗೆ ಒಳಗೊಳಗೇ ಖುಷಿ. ಮೂವರು ಕನ್ನಡದ ಹುಡುಗಿಯರು ಹಿಡಿದಿದ್ದ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಬಾಗಿಲು ತೆರೆದ ಸ್ಮಿತಾ "ಅಯ್ಯೋ, ಒಳಗ್ ಬನ್ನಿ, ಎಷ್ಟು ಚಳಿ!" ಎಂದಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಚಹಾ ಕೊಟ್ಟು ಆಮೇಲೆ ಹೇಳಿದಳು, ಅದೂ ನಗುತ್ತಲೇ: "ಮನೇಲಿ ಮಾತ್ರ ನಾನ್‌ವೆಜ್ ಬೇಡ. ಹೊರಗಡೆ ನೀವೇನು ಬೇಕಾದ್ರೂ ತಿನ್ನಿ, ನಮಗೇನೂ ಇಲ್ಲ." ಕನ್ನಡ ಕೇಳುವ ಆಸೆಗೆ ಒಪ್ಪಿಕೊಂಡೆ. ಬೆಳಿಗ್ಗೆ ಅವರ ಅವಲಕ್ಕಿ, ಸಂಜೆ ಅವರ ಸಾರು, ರುಚಿಯಾಗಿಯೇ ಇರುತ್ತಿತ್ತು. ಮೀನು ತಿನ್ನಲೇಬೇಕೆನಿಸಿದ ದಿನ ಡಬ್ಬಿಯ ತಾರ್ಲೆ ತಗೊಂಡು ಬಂದರಿನ ಬೆಂಚಿನ ಮೇಲೆ ಕೂತು, ಚಳಿಗೆ ಸೆಟೆದ ಬೆರಳಲ್ಲಿ ತಿಂದು, ಬಾಯಿ ತೊಳೆದು ಮನೆಗೆ ಹೋಗುತ್ತಿದ್ದೆ. ಕಳ್ಳಿಯ ಹಾಗೆ. ಕಡಲ ಮಗಳು, ಮೀನಿನ ಊರಿನಲ್ಲಿ, ಕಳ್ಳಿಯ ಹಾಗೆ.

ಊರಿನಿಂದ ಹೊರಡುವಾಗ ಅಜ್ಜಿ ಒಂದು ಕಟ್ಟು ಒಣ ಶೆಟ್ಲಿ ಕೊಟ್ಟಿದ್ದಳು. ಆ ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು, ಕಸ ಕಡ್ಡಿಗಳನ್ನು ಬೆರಳಿನಿಂದಲೇ ತಡವಿ ತೆಗೆದಿದ್ದಳು. ಆಯಿ, ಅಂದರೆ ನನ್ನ ಅಮ್ಮ, ಅದನ್ನು ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಭದ್ರ ಮಾಡಿದ್ದಳು. ನಾನು ಅದನ್ನು ಒಮ್ಮೆಯೂ ಬಿಚ್ಚದೆ ನನ್ನ ಕೋಣೆಯ ಕಪಾಟಿನಲ್ಲಿ, ಸ್ವೆಟರುಗಳ ಕೆಳಗೆ ಇಟ್ಟಿದ್ದೆ. ಒಂದು ದಿನ ಕ್ಲಾಸು ಮುಗಿಸಿ ಬಂದರೆ ಸ್ವೆಟರುಗಳು ಮಂಚದ ಮೇಲಿವೆ, ಕಟ್ಟು ಇಲ್ಲ. ಸ್ಮಿತಾ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

"ವಾಸನೆ ಬರ್ತಿತ್ತು ಕಣೇ, ಹುಡುಕಿ ಎಸೆದ್ವಿ. ಹಾಳಾಗಿತ್ತು ಅನ್ಸತ್ತೆ."

"ಬಿಚ್ಚದೇ ಇದ್ದದ್ದಕ್ಕೆ ಹೆಂಗೆ ವಾಸನೆ ಬಂತು? ನನ್ನ ಕಪಾಟು ಯಾಕೆ ತೆಗೆದೆ?"

"ಇಷ್ಟು ಓದಿದೀಯ, ಇನ್ನೂ ಅದನ್ನ ಬಿಡೋಕಾಗಲ್ವಾ ನಿಂಗೆ?"

ಚಪ್ಪಲಿ ಮೆಟ್ಟಲೂ ನಿಲ್ಲದೆ ಕೆಳಗೆ ಓಡಿದೆ. ಕಸದ ಗಾಡಿ ಬಂದು ಹೋಗಿತ್ತು. ತೊಳೆದಿಟ್ಟಂತೆ ಖಾಲಿಯಾದ ತೊಟ್ಟಿಯ ಮುಂದೆ, ಕಲ್ಲಿನ ಥಂಡಿ ಅಂಗಾಲಿನಿಂದ ಏರುತ್ತಿರುವಾಗ ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಆ ಊರಿನ ಬಿಳಿಯರಲ್ಲಿ ಒಬ್ಬರೂ ನನ್ನ ಊಟಕ್ಕೆ ಮೂಗು ಮುಚ್ಚಿದ್ದಿಲ್ಲ. ಮುಚ್ಚಿದವರು ನನ್ನ ಭಾಷೆಯವರು. ಸಮುದ್ರ ದಾಟುವಾಗ ಅವರು ಆ ಕರ್ಚೀಫನ್ನೂ ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡೇ ಬಂದಿದ್ದರು. ಮೇಲೆ ಹೋಗಿ, "ನನ್ನ ಅಜ್ಜಿ ಕೈಯಾರೆ ಮಾಡಿದ ಅನ್ನ ಅದು. ನೀವು ಎಸೆದದ್ದು ಅನ್ನ" ಎಂದೆ. ಮರುದಿನದಿಂದ ಬೇರೆ ಕೋಣೆ ಹುಡುಕತೊಡಗಿದೆ.

ಅಜ್ಜಿಗೆ ಹೇಳಬಾರದೆಂದುಕೊಂಡಿದ್ದೆ. ಆದರೆ ಫೋನಿನಲ್ಲಿ ಅವಳೇ ಕೇಳಿದಳು, "ಶೆಟ್ಲಿ ಮುಗೀತೇನೆ ಮಗಾ? ಜೊತೆಗಿದ್ದವ್ರಿಗೂ ಕೊಟ್ಯಾ?" ಸುಳ್ಳು ನಾಲಿಗೆಗೆ ಬರಲಿಲ್ಲ. ಎಲ್ಲ ಹೇಳಿದೆ. ಆ ಕಡೆ ಆಯಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಅಜ್ಜಿ, "ಅಲ್ಲೂ ಸಮುದ್ರ ಅದೆ ಅಂದಿದ್ದೆ ಅಲಾ? ಅದರ ಬದಿಗೇ ಒಂದು ಮನೆ ನೋಡು. ಎಂತಕ್ಕೆ ಅಂಥವ್ರ ಕೂಡೆ ಇರೂದು?" ಎಂದಳು. ಬಂದರಿನ ಹಿಂದಿನ ಬೀದಿಯಲ್ಲಿ ಗೋಝಿ ಎಂಬ ನೈಜೀರಿಯದ ಹುಡುಗಿಯ ಜೊತೆ ಜಾಗ ಸಿಕ್ಕಿತು. ಹೋದ ದಿನವೇ ಅವಳು ಪುಡಿ ಮಾಡಿದ ಒಣ ಸಿಗಡಿ ಹಾಕಿ ಸೊಪ್ಪಿನ ಸಾರು ಕುದಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತದ್ದು ಕಂಡು, ವಾಸನೆ ಆಗದಾ ಎಂದು ಹೆದರಿ ಕೇಳಿದಳು. ಅವಳಿಗೂ ಯಾರೋ ಹಾಗೆ ಕೇಳಲು ಕಲಿಸಿದ್ದರು. ಒಂದು ತಟ್ಟೆ ಕೊಡು ಎಂದೆ.

ಪರೀಕ್ಷೆಗಳ ನಡುವೆ ಅಜ್ಜಿ ತೀರಿಕೊಂಡಳು. ಹೋಗಲು ಆಗಲಿಲ್ಲ. ಬೂದಿಯನ್ನು ಚೆಂಡಿಯಾದ ನಮ್ಮ ದಂಡೆಯಲ್ಲಿ ಬಿಡಬೇಕೆಂದು ಅವಳಿಗಿತ್ತು. ನೌಕಾನೆಲೆಯ ಒಳಗೆ ಹೋಗಲು ಅರ್ಜಿ ಕೊಟ್ಟು ನೋಡೋಣ ಎಂದು ಯಾರೋ ಹೇಳಿದರಂತೆ. ಬದುಕಿನಲ್ಲಿ ದನಿ ಎತ್ತದ ಅಪ್ಪ ಅಂದು ಕೂಗಾಡಿದನಂತೆ: "ನನ್ನ ಅಂಗಳಕ್ಕೆ ಹೋಗೂಕೆ ನಾ ಅರ್ಜಿ ಹಾಕೂದಿಲ್ಲ!" ಅಂಕೋಲೆಯಿಂದ ದೋಣಿ ತಗೊಂಡು, ಕಡಲಿನಲ್ಲಿ ಬಹಳ ದೂರ ಹೋಗಿ, ಬೂದಿಯನ್ನು ಅಲ್ಲೇ ಬಿಟ್ಟು ಬಂದ. ನಮ್ಮ ದಂಡೆ ಕಂಡಿತಾ ಎಂದು ಫೋನಿನಲ್ಲಿ ಕೇಳಿದೆ.

"ಎಲ್ಲಿ ಕಾಣ್ತದೆ, ಅಷ್ಟು ದೂರಕ್ಕೆ" ಎಂದ ಅಪ್ಪ. "ಆದ್ರೆ ನೀರು ಏರ್ತಾ ಇತ್ತು, ಮಗಾ. ದಂಡೆ ಬದಿಗೇ ಎಳೀತಾ ಇತ್ತು."