ವಾಪಸ್ ತಂದವರಿಗೆ ಒಂದು ಲೋಟ ಕಾಫಿ

ಕಳೆದ ತಿಂಗಳು ದಟ್ಟಗಳ್ಳಿಯಲ್ಲಿ ನಮ್ಮ ಮನೆಯ ಹತ್ತಿರದ ಔಷಧಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ನನ್ನ ಮುಂದಿದ್ದ ಗಿರಾಕಿಗೆ ತೋರಿಸಲು ಕೆಂಪು ರಬ್ಬರ್ ಶೀಟೊಂದನ್ನು ಕೌಂಟರಿನ ಮೇಲೆ ಬಿಡಿಸಿದರು. ಮಡಿಕೆಗಳು ಒಂದಕ್ಕೊಂದು ಅಂಟದಿರಲೆಂದು ಒಳಗೆ ಉದುರಿಸಿದ್ದ ಬಿಳಿ ಪೌಡರು ಮೇಲೆದ್ದು, ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಬಹಳ ಹೊತ್ತು ತೇಲಿತು. ರಬ್ಬರಿನ ವಾಸನೆ, ಅದರೊಳಗಿನಿಂದ ಪೌಡರಿನ ವಾಸನೆ... ನಾನು ಯಾವ ಮಾತ್ರೆಗಾಗಿ ಅಲ್ಲಿಗೆ ಹೋಗಿದ್ದೆನೆಂಬುದೇ ಮರೆತುಹೋಯಿತು. ಆ ಕ್ಷಣದಲ್ಲಿ ನಾನು ಕೃಷ್ಣಮೂರ್ತಿಪುರಂನ ಒಂದು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದೆ.

ಸದರಿ ಷೆಡ್ಡಿನ ಬಗ್ಗೆ ಮತ್ತು ಅದನ್ನು ನೋಡಿಕೊಳ್ಳುತ್ತಿದ್ದವರ ಬಗ್ಗೆ ತಿಳಿಸುವ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಸೇವಾವಧಿಯುದ್ದಕ್ಕೂ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿ ಬೇರೆಯವರ ಪತ್ರಗಳನ್ನು ಸಿದ್ಧಪಡಿಸಿದ್ದೇನೆಯೇ ಹೊರತು, ನನ್ನದೆಂಬುದನ್ನು ಬರೆದ ಅನುಭವ ನನಗಿಲ್ಲ. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ತೊಂಬತ್ತರ ದಶಕದಲ್ಲಿ ನಾವು ಕೃಷ್ಣಮೂರ್ತಿಪುರಂನಲ್ಲಿ ಬಾಡಿಗೆಗಿದ್ದೆವು. ರಸ್ತೆಯ ಆಚೆ ಬದಿಯ ಮನೆಯಲ್ಲಿದ್ದವರನ್ನು ನಾನು ‘ಎದುರುಮನೆ ಅಮ್ಮ’ ಎಂದೇ ಕರೆಯುತ್ತಿದ್ದೆ. ಅವರ ಯಜಮಾನರು ಲಷ್ಕರ್ ಮೊಹಲ್ಲಾದಲ್ಲಿ ಹಗ್ಗ ಮತ್ತು ಗೋಣಿಚೀಲಗಳ ಅಂಗಡಿ ನಡೆಸಿದವರು. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿ, ಮೂರು ಬೆರಳಿನ ವಿಭೂತಿ ಧರಿಸಿ ಜಗುಲಿಯಲ್ಲಿ ಪತ್ರಿಕೆ ಓದುತ್ತಾ ಕುಳಿತಿರುತ್ತಿದ್ದರು. ಸರಕು ಇಡಲು ಕಟ್ಟಿಸಿದ್ದ ಷೆಡ್ಡು ಖಾಲಿಯಾಗಿತ್ತು. ಅಮ್ಮ ಅದನ್ನು ನಮ್ಮ ಬಡಾವಣೆಯ ಸೇವಾ ಕ್ಲಬ್ಬಿಗೆ ಬಿಟ್ಟುಕೊಟ್ಟಿದ್ದರು.

ನಮ್ಮ ಕ್ಲಬ್ಬು ಎಲ್ಲ ಕ್ಲಬ್ಬುಗಳಂತೆ ಕಣ್ಣಿನ ತಪಾಸಣಾ ಶಿಬಿರ, ರಕ್ತದಾನ ಶಿಬಿರ, ಶಾಲಾ ಮಕ್ಕಳಿಗೆ ಪುಸ್ತಕ ವಿತರಣೆ ಮುಂತಾದವುಗಳನ್ನು ನಡೆಸುತ್ತಿತ್ತು. ಅವುಗಳ ಸುದ್ದಿ ಫೋಟೋ ಸಮೇತ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತಿತ್ತು. ಫೋಟೋ ಬಾರದ ಸೇವೆಯೂ ಒಂದಿತ್ತು. ಮನೆಯಲ್ಲಿ ಕಾಯಿಲೆಯವರಿದ್ದರೆ ಅವರಿಗೆ ಬೇಕಾದ ಗಾಲಿಕುರ್ಚಿ, ವಾಕರ್, ಊರುಗೋಲು, ಕಮೋಡ್ ಕುರ್ಚಿ, ರಬ್ಬರ್ ಶೀಟುಗಳನ್ನು ಕ್ಲಬ್ಬು ಬಾಡಿಗೆಯಿಲ್ಲದೆ ಕೊಡುತ್ತಿತ್ತು. ಕಾಗದದ ಮೇಲೆ ಒಂದು ಅವಧಿಯೂ ನಮೂದಾಗಿತ್ತು, ಆದರೆ ಕೆಲಸ ಮುಗಿದ ಮೇಲೆ ತಂದು ಒಪ್ಪಿಸಿದರೆ ಸಾಕಾಗಿತ್ತು. ಅವೆಲ್ಲ ಇದ್ದದ್ದು ಅಮ್ಮನ ಷೆಡ್ಡಿನಲ್ಲಿ. ಮಧ್ಯಾಹ್ನದ ಹೊತ್ತು ಹೆಂಚಿನ ಸಂದಿಯಿಂದ ಬೆಳಕು ಇಳಿದಾಗ, ಆ ಖಾಲಿ ಕುರ್ಚಿಗಳು ಯಾರನ್ನೋ ಎದುರುನೋಡುತ್ತಾ ಕುಳಿತವರಂತೆ ಕಾಣುತ್ತಿದ್ದವು. ಹಿಂತಿರುಗಿ ಬಂದ ಶೀಟುಗಳನ್ನು ಅಮ್ಮ ತೊಳೆದು ತಂತಿಯ ಮೇಲೆ ಒಣಹಾಕಿ, ಪೌಡರು ಉದುರಿಸಿ ಮಡಿಸುತ್ತಿದ್ದರು. ಅವರ ಮೊಣಕೈವರೆಗೂ ಬಿಳಿ ಹತ್ತಿರುತ್ತಿತ್ತು.

ನನ್ನನ್ನು ಕ್ಲಬ್ಬಿಗೆ ಸೇರಿಸಿದವರೂ ಅವರೇ. “ನಿಂಗೆ ಟೈಪ್ ಬರುತ್ತಲ್ಲ ಕಣಮ್ಮ, ಇವ್ರ ವರದಿ ಒಂದು ಬರ್ಕೊಡು. ಇವ್ರು ಬರ್ದಿದ್ದು ಇವ್ರಿಗೇ ಓದೋಕಾಗಲ್ಲ,” ಎಂದು ಅಧ್ಯಕ್ಷರ ಎದುರಿಗೇ ಹೇಳಿದ್ದರು. ಅಂದಿನಿಂದ ತಿಂಗಳ ವರದಿಯ ಕೊನೆಯಲ್ಲಿ ‘ರೋಗಿಗಳ ಉಪಕರಣಗಳ ಸೇವೆಯು ಎಂದಿನಂತೆ ಮುಂದುವರಿದಿದೆ’ ಎಂಬ ಒಂದು ವಾಕ್ಯವನ್ನು ನಾನು ತಪ್ಪದೆ ಟೈಪು ಮಾಡುತ್ತಿದ್ದೆ.

ಆ ವರ್ಷದ ಅಧ್ಯಕ್ಷರು ಉತ್ಸಾಹಿಗಳು. ಈ ಸೇವೆಗೆ ಪ್ರಚಾರ ಸಿಗುತ್ತಿಲ್ಲವೆಂಬ ಕೊರಗು ಅವರಿಗಿತ್ತು.

“ಏನ್ ಮಾಡ್ಲಿ ಅಮ್ಮ, ಕಮೋಡ್ ಕುರ್ಚಿಗೆ ಟೇಪು ಕತ್ತರಿಸೋಕೆ ಯಾವ ಮುಖ್ಯ ಅತಿಥಿ ಬರ್ತಾರೆ ಹೇಳಿ?”

“ಅತಿಥಿ ಯಾಕೆ, ನೀವೇ ಕೂತು ಉದ್ಘಾಟನೆ ಮಾಡ್ಬುಡಿ. ಫೋಟೋ ನಾನ್ ತೆಗೀತೀನಿ,” ಎಂದರು ಅಮ್ಮ. ಜಗುಲಿಯ ಮೇಲೆ ಯಜಮಾನರ ಪತ್ರಿಕೆ ಅಲುಗಾಡಿತು. ಅವರು ಅದರ ಹಿಂದೆ ನಗುತ್ತಿದ್ದರು.

ಅದೇ ಅಧ್ಯಕ್ಷರು ಇನ್ನೊಂದು ದಿನ ಷೆಡ್ಡಿನ ಬಳಿ ನಿಂತಿದ್ದಾಗ ಒಬ್ಬರು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದರು. ಅಧ್ಯಕ್ಷರು ಕೈ ಚಾಚಿ ಸ್ವಾಗತಿಸಿದರು. “ಏನ್ ಸಾರ್, ನಮ್ ಗಾಡಿ ಚೆನ್ನಾಗಿ ಓಡ್ತಾ? ತಂದೆಯವ್ರು ಈಗ ಆರಾಮಾಗಿ ಎದ್ದು ಓಡಾಡ್ತಿರಬೇಕು?”

ಬಂದವರು ಕುರ್ಚಿಯ ಹಿಡಿಯನ್ನು ಬಿಡದೆ, “ಮೊನ್ನೆ ತಿಥಿ ಆಯ್ತು ಸಾರ್,” ಎಂದರು.

ಅಮ್ಮ ಅವರನ್ನು ಜಗುಲಿಯಲ್ಲಿ ಕೂರಿಸಿ ಕಾಫಿ ತಂದುಕೊಟ್ಟರು. ಅವರು ಬಹಳ ಹೊತ್ತು ಊದಿ ಊದಿ ಕುಡಿದು, ಲೋಟವನ್ನು ಕೆಳಗಿಟ್ಟು ಹೋದರು. ಆಮೇಲೆ ಅಮ್ಮ ಅಧ್ಯಕ್ಷರಿಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

“ತಪ್ಪು ತಿಳ್ಕೋಬೇಡಿ ಅಧ್ಯಕ್ಷರೇ. ತಗೊಂಡು ಹೋಗೋರ್ನ ಎಷ್ಟು ಬೇಕಾದ್ರೂ ಕೇಳಿ. ವಾಪಸ್ ತಂದೋರ್ನ ಏನೂ ಕೇಳ್ಬೇಡಿ. ಇಟ್ಕೊಂಡಿರೋರ್ನ ಯಾವಾಗ ವಾಪಸ್ ಕೊಡ್ತೀರಿ ಅಂತಾನೂ ಕೇಳ್ಬೇಡಿ. ಅದರೊಳಗೂ ಮಲಗಿರೋರು ಏನಾದ್ರು ಅನ್ನೋ ಪ್ರಶ್ನೆನೇ ಇರುತ್ತೆ.”

“ಮತ್ತೆ ಏನ್ ಮಾಡೋದಮ್ಮ?”

“ಕಾಫಿ ಕೊಡಿ. ಚೆನ್ನಾಗಿ ಬಿಸಿ ಇರ್ಲಿ. ಬಿಸಿ ಇದ್ರೆ ಕುಡಿಯೋಕೆ ಹೊತ್ತು ಹಿಡಿಯುತ್ತೆ, ಅಷ್ಟೊತ್ತಾದ್ರೂ ಕೂತಿರ್ತಾರೆ.”

ಈ ನಿಯಮ ಯಾವ ಬೈಲಾದಲ್ಲೂ ಇರಲಿಲ್ಲ. ಆದರೂ ಎಲ್ಲರೂ ಪಾಲಿಸಿದರು. ಈ ನಿಯಮವು ಅಮ್ಮನ ಮೇಲೆಯೇ ತಿರುಗಿ ಬೀಳುತ್ತದೆಂದು ಆಗ ನಮ್ಮಲ್ಲಿ ಯಾರೂ ಊಹಿಸಿರಲಿಲ್ಲ.

ಅವರೆಕಾಯಿಯ ಕಾಲ ಶುರುವಾಗಿತ್ತು... ಒಂದು ಬೆಳಿಗ್ಗೆ ಯಜಮಾನರ ಕೈಯಿಂದ ಪತ್ರಿಕೆ ಜಾರಿ ಬಿತ್ತು. ಪಾರ್ಶ್ವವಾಯು ಎಂದರು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಅವರಿಗೆ ಮಾತು ಹೋಗಿತ್ತು, ಮಗ್ಗುಲಾಗುವುದೂ ಸಾಧ್ಯವಿರಲಿಲ್ಲ. ಹೀಗೆ ಮಲಗಿಯೇ ಇದ್ದರೆ ಬೆನ್ನು ಹುಣ್ಣಾಗುತ್ತದೆ, ಒಂದು ವಾಟರ್ ಬೆಡ್ ಹೊಂದಿಸಿಕೊಳ್ಳಿ ಎಂದು ವೈದ್ಯರು ಸೂಚಿಸಿದರು. ಅದು ನೀರು ತುಂಬಿಸಿ ಹಾಸುವ ರಬ್ಬರ್ ಹಾಸಿಗೆ. ನಮ್ಮ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ. ಅದನ್ನು ಲಷ್ಕರ್ ಮೊಹಲ್ಲಾದ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬರು, ಸೊಂಟ ಮುರಿದು ಮಲಗಿದ್ದ ತಮ್ಮ ತಾಯಿಗೆಂದು ಒಯ್ದಿದ್ದರು. ಕೊಟ್ಟವರು ಅಮ್ಮನೇ.

ಅಧ್ಯಕ್ಷರು ಓಡಿಬಂದರು. “ಒಂದು ಮಾತು ಹೇಳಿ ಅಮ್ಮ, ಈಗ್ಲೇ ಹೋಗಿ ತಂದ್ಬುಡ್ತೀನಿ. ಅವ್ರ ಅವಧಿ ಮುಗಿದಿದೆ, ನಮ್ ನಿಯಮಾನೇ ಇದೆಯಲ್ಲ.”

“ನಿಮ್ ನಿಯಮ ಆ ತಾಯಿ ಬೆನ್ನಿಗೆ ಗೊತ್ತಾ ಅಧ್ಯಕ್ಷರೇ?”

ಆಗ ನಮ್ಮೂರಿನ ಅಂಗಡಿಗಳಲ್ಲಿ ವಾಟರ್ ಬೆಡ್ ಸುಲಭವಾಗಿ ದೊರೆಯುತ್ತಿರಲಿಲ್ಲವಾದ್ದರಿಂದ, ಅಧ್ಯಕ್ಷರು ಬೆಂಗಳೂರಿನ ಅಂಗಡಿಗೆ ಫೋನು ಮಾಡಿ ಇನ್ನೊಂದನ್ನು ತರಿಸುವ ಏರ್ಪಾಡು ಮಾಡಿದರು. ಬರುವ ವಾರ ಎಂದರು ಅಂಗಡಿಯವರು. ಮತ್ತೆ ಬರುವ ವಾರ ಎಂದರು...

ನಾನು ಕಚೇರಿಯಿಂದ ಬಂದ ಮೇಲೆ ಎದುರುಮನೆಗೆ ಹೋಗುತ್ತಿದ್ದೆ. ಅಮ್ಮ ಹಳೆಯ ಸೀರೆಗಳನ್ನು ಸುರುಳಿ ಸುತ್ತಿ ಯಜಮಾನರ ಬೆನ್ನಿಗೆ ಒತ್ತುಕೊಟ್ಟು, ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಿರುಗಿಸುತ್ತಿದ್ದರು. ನಾನು ಭುಜ ಹಿಡಿದುಕೊಳ್ಳುತ್ತಿದ್ದೆ. ಒಂದು ಸಂಜೆ ಹೊರಗೆ ಗೇಟಿನ ಸದ್ದಾಯಿತು. ಅಮ್ಮ ಬೆಚ್ಚಿಬಿದ್ದು ಬಾಗಿಲ ಕಡೆ ನೋಡಿದರು. ಹಾಲಿನವರು ಬಂದಿದ್ದರು. ಅಮ್ಮ ಅಲ್ಲಿಯೇ ಮಂಚದ ಅಂಚಿಗೆ ಕುಳಿತುಬಿಟ್ಟರು.

“ಗೇಟು ಸದ್ದಾದ್ರೆ ಸಾಕು, ಆ ತಾಯಿ ಹಾಸಿಗೆ ವಾಪಸ್ ಬಂತೇನೋ ಅಂತ ಎದೆ ಹಾರುತ್ತೆ ಕಣಮ್ಮ. ಅದು ಬಂತು ಅಂದ್ರೆ ಏನರ್ಥ ಅಂತ ನಂಗೆ ಗೊತ್ತಿಲ್ವಾ? ಯಾರದೋ ಮನೆ ತಾಯಿ ಹೋಗ್ಲಿ ಅಂತ ಕಾಯ್ಕೊಂಡು ಕೂತಿದ್ದೀನಾ ನಾನು?”

ನಾನು ಜಾರಿದ್ದ ಸೀರೆಯ ಸುರುಳಿಯನ್ನು ಯಜಮಾನರ ಬೆನ್ನಿಗೆ ಮತ್ತೆ ಒತ್ತಿಟ್ಟೆ. ಆಮೇಲೆ ಅಮ್ಮನೇ, “ನಾಳೆ ಲಷ್ಕರ್ ಮೊಹಲ್ಲಾ ಕಡೆ ಹೋಗ್ತೀಯಾ? ಹಾಸಿಗೆ ವಿಷಯ ಎತ್ತಬೇಡ. ಸುಮ್ನೆ ಆ ಬೀದೀಲಿ ಹೋಗಿ ಬಾ. ಆಕೆ ಇದ್ದಾರಾ... ಅಷ್ಟು ನೋಡ್ಕೊಂಡು ಬಾ,” ಎಂದರು.

ಅಂಗಡಿಗಳ ಸಾಲಿನ ಹಿಂದೆ ಒಂದು ಕಿರಿದಾದ ಓಣಿ. ಬೇಕರಿಯ ಒಲೆಯಿಂದ ಬನ್ನಿನ ಪರಿಮಳ ಅಲ್ಲಿಯವರೆಗೂ ಹರಡಿತ್ತು. ಸುಮ್ಮನೆ ಹಾದುಹೋಗಬೇಕೆಂದಿದ್ದ ನಾನು ಅವರ ಮನೆಯ ಕಿಟಕಿಯ ಎದುರು ನಿಂತೇಬಿಟ್ಟೆ. ಒಳಗೆ ಆ ತಾಯಿ ವಾಟರ್ ಬೆಡ್ಡಿನ ಮೇಲೆ ದಿಂಬಿಗೊರಗಿ, ಹೊಟ್ಟೆಯ ಮೇಲೊಂದು ತಟ್ಟೆ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

“ಯಾರವ್ವ ಅದು? ಆಸ್ಗೆ ಕೇಳಕ್ ಬಂದ್ಯಾ?”

“ಇಲ್ಲಮ್ಮ, ನೀರು ಸೋರುತ್ತಾ ಅಂತ ನೋಡೋಕೆ ಬಂದೆ,” ಎಂದೆ.

“ಸೋರಾಕಿಲ್ಲ ಬುಡು. ದೋಣಿ ಮ್ಯಾಲೆ ಮನಗ್ದಂಗೈತೆ. ಕಣ್ ಮುಚ್ಚುದ್ರೆ ಸಾಕು, ಕನ್ನಂಬಾಡಿಗೆ ಓಗಿ ಬತ್ತೀನಿ. ನಮ್ ಮಗ ಕಾಸ್ ಕೊಟ್ಟು ಕರ್ಕೊಂಡೋಗ್ಲಿಲ್ಲ, ಮುರ್ದಿರೋ ಸೊಂಟ ಕರ್ಕೊಂಡೋಯ್ತು.”

ಆ ಮಾತನ್ನು ನಾನು ಅಮ್ಮನಿಗೆ ಹಾಗೆಯೇ ವರದಿ ಮಾಡಿದೆ. ಅವರು, “ಕನ್ನಂಬಾಡಿಗಾ?” ಎಂದು ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರು. ಒಳಗೆ ಹೋಗಿ ಯಜಮಾನರ ಕಿವಿಯ ಹತ್ತಿರ ಬಾಗಿದರು. “ಕೇಳಿಸ್ತಾ? ಆಯಮ್ಮ ಮಲಗಿದ್ದಲ್ಲೇ ದಿನಾ ಕನ್ನಂಬಾಡಿಗೆ ಹೋಗಿ ಬರ್ತಾರಂತೆ. ನೀವು ಅಂಗಡಿ ಅಂಗಡಿ ಅಂದ್ಕೊಂಡು ಒಂದು ಸಲಾನೂ ಕರ್ಕೊಂಡು ಹೋಗ್ಲಿಲ್ಲ.” ಯಜಮಾನರ ತುಟಿಯ ಒಂದು ಅಂಚು ಕದಲಿತು. ಅದು ನಗುವೇ ಎಂದು ಅಮ್ಮ ಹೇಳಿದರು, ನಾನೂ ಹೌದೆಂದೆ.

ಅಂದಿನಿಂದ ಅವರು ಗೇಟಿನ ಸದ್ದಿಗೆ ತಿರುಗಿ ನೋಡಲಿಲ್ಲ. ಸೀರೆಯ ಸುರುಳಿಗಳನ್ನು ಬದಲಾಯಿಸುತ್ತಾ, ಪೌಡರು ಹಚ್ಚುತ್ತಾ, ಕನ್ನಂಬಾಡಿ ಅಣೆಕಟ್ಟಿನ ನೀರು ಹೇಗಿರುತ್ತದೆಂದು ಯಜಮಾನರಿಗೆ ತಾವೇ ಕಟ್ಟಿ ಕಟ್ಟಿ ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಆ ಕೋಣೆಯೇ ಮೆಲ್ಲಗೆ ತೇಲುತ್ತಿದೆಯೆಂದು ನನಗೂ ಅನ್ನಿಸುತ್ತಿತ್ತು... ಆದರೂ ಬೆನ್ನು ಹುಣ್ಣಾಯಿತು. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಒಂದು ಮಧ್ಯಾಹ್ನ ಯಜಮಾನರು ಲಿಂಗೈಕ್ಯರಾದರು.

ಬೆಂಗಳೂರಿನಿಂದ ಹೊಸ ಹಾಸಿಗೆ ಬಂದದ್ದು ಅದಾದ ಮೇಲೆ. ಅಧ್ಯಕ್ಷರು ಯಾರಿಗೂ ಹೇಳದೆ ಒಬ್ಬರೇ ಅದನ್ನು ತಂದು ಷೆಡ್ಡಿನಲ್ಲಿಟ್ಟರು. ಅಮ್ಮ ಕೊಟ್ಟ ಕಾಫಿಯನ್ನು ಕುಡಿದು, ಏನನ್ನೂ ಕೇಳದೆ ಹೊರಟುಹೋದರು.

ಯಜಮಾನರ ಶಿವಗಣಾರಾಧನೆ ಮುಗಿದ ಕೆಲವು ದಿನಗಳಲ್ಲಿ ಬೇಕರಿಯವರು ಬಂದರು. ಸೈಕಲ್ಲಿನ ಹಿಂದೆ ಮಡಿಸಿ ಕಟ್ಟಿದ್ದ ಹಾಸಿಗೆ. ಗೇಟು ತೆರೆಯುವಾಗ ಅವರ ಮುಖದಲ್ಲಿ ಏನೋ ಹೇಳುವ ಆತುರವಿತ್ತು. ಆದರೆ ಎದುರಿಗೆ ಬಂದ ಅಮ್ಮನ ಹಣೆಯಲ್ಲಿ ಕುಂಕುಮವಿಲ್ಲದೆ ವಿಭೂತಿ ಮಾತ್ರ ಇದ್ದದ್ದನ್ನು ಕಂಡು, ಅವರು ಆಡಬೇಕೆಂದಿದ್ದ ಮಾತು ಬಾಯಲ್ಲೇ ನಿಂತಿತು. ಹಾಸಿಗೆಯನ್ನು ಷೆಡ್ಡಿನಲ್ಲಿಟ್ಟು, ಜಗುಲಿಯಲ್ಲಿ ಕುಳಿತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾಫಿ ಮುಗಿಯಿತು. ಅವರು ಎದ್ದು ಚಪ್ಪಲಿ ಮೆಟ್ಟಿದರು.

ಆಗ ಅಮ್ಮ ಕೇಳಿದರು. ನಾನು ಕಂಡಂತೆ, ಅಷ್ಟು ವರ್ಷಗಳಲ್ಲಿ ಹಿಂತಿರುಗಿಸಲು ಬಂದವರನ್ನು ಅವರು ಕೇಳಿದ್ದು ಅದೊಂದೇ ಸಲ.

“ನಿಮ್ ತಾಯಿ ಹೇಗಿದಾರಪ್ಪ?”

ಬೇಕರಿಯವರು ತಲೆ ತಗ್ಗಿಸಿದರು. ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ, “ಎದ್ ನಿಂತವ್ರೆ ತಾಯಿ. ಗೋಡೆ ಇಡ್ಕೊಂಡು ಬಚ್ಚಲ ತಂಕ ಓಯ್ತಾವ್ರೆ. ಒಂದು ವಾಕರ್ ಕೇಳ್ಕೊಂಡು ಬಾ ಅಂದಿದ್ರು... ನಾನ್ ಇನ್ನೊಂದಿನ ಬತ್ತೀನಿ ಬುಡಿ,” ಎಂದರು.

ಅಮ್ಮ ಷೆಡ್ಡಿನೊಳಗೆ ಹೋದರು. ಬಹಳ ಹೊತ್ತು ಒಳಗಿನಿಂದ ಕಬ್ಬಿಣದ ಸದ್ದು ಬರುತ್ತಿತ್ತು. ಇದ್ದ ವಾಕರುಗಳಲ್ಲಿ ಒಳ್ಳೆಯದನ್ನು ಆರಿಸಿ ತಂದು ಅಂಗಳದಲ್ಲಿ ನಿಲ್ಲಿಸಿ, ಕಾಲುಗಳ ಎತ್ತರ ಸರಿಮಾಡಲು ಬಗ್ಗಿದರು.

“ನಿಮ್ಮವ್ವ ಎಷ್ಟೆತ್ತರ?”

ಬೇಕರಿಯವರು ಅಂಗೈಯನ್ನು ತಮ್ಮ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದರು. ಅಮ್ಮ ಆ ಕೈಯನ್ನೇ ನೋಡುತ್ತಾ, ಅಲ್ಲಿ ನಿಜವಾಗಿಯೂ ಒಬ್ಬರು ನಿಂತಿದ್ದಾರೆಂಬಂತೆ ಅಳತೆ ಮಾಡಿ, ಗುಂಡಿಗಳನ್ನು ಒತ್ತಿ ಕೂರಿಸಿದರು. “ಕನ್ನಂಬಾಡಿಗೆ ಈಗ ನಡ್ಕೊಂಡೇ ಹೋಗ್ಲಿ ಅಂತ ಹೇಳಿ,” ಎಂದರು. ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ಅವರು ಅಂಗಳದಲ್ಲಿಯೇ ಕುಳಿತು ಅತ್ತರು. ಯಜಮಾನರು ಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅದು ದುಃಖವೊಂದೇ ಆಗಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ಎರಡು ಸಾವಿರದ ಇಸವಿಯ ಈಚೆಗೆ ನಾವು ದಟ್ಟಗಳ್ಳಿಗೆ ಬಂದೆವು. ಕೆಲವು ವರ್ಷಗಳಲ್ಲಿ ಅಮ್ಮ ತೀರಿಕೊಂಡರು. ಬೆಳಿಗ್ಗೆ ಪೂಜೆಗೆ ಹೂ ಬಿಡಿಸಿಕೊಂಡು ಬಂದು ಜಗುಲಿಯಲ್ಲಿ ಕುಳಿತವರು ಹಾಗೆಯೇ... ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ. ಈಗ ಆ ಮನೆಯೂ ಇಲ್ಲ, ಷೆಡ್ಡೂ ಇಲ್ಲ. ಕ್ಲಬ್ಬಿನ ಉಪಕರಣಗಳು ಬಾಡಿಗೆಯ ಕೋಣೆಯೊಂದರಲ್ಲಿವೆ. ನಿವೃತ್ತಿಯಾದ ಮೇಲೆ ವಾರದಲ್ಲಿ ಕೆಲವು ದಿನ ನಾನು ಅಲ್ಲಿ ಕುಳಿತಿರುತ್ತೇನೆ.

ಊರಿನ ಎಲ್ಲ ಕಡೆಯಿಂದಲೂ ವಸ್ತುಗಳು ಹಿಂತಿರುಗಿ ಬರುತ್ತವೆ. ಮನೆಯವರು ಅವುಗಳನ್ನು ಒರೆಸಿ, ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ತರುತ್ತಾರೆ; ಹೋದವರ ಕೊನೆಯ ಗುರುತೊಂದನ್ನು ನಮ್ಮ ಕೈಗೊಪ್ಪಿಸಿ ಸ್ವಲ್ಪ ಹೊತ್ತು ಕುಳಿತುಹೋಗುತ್ತಾರೆ. ಅಮ್ಮನ ಆ ಎದುರುಮನೆಯಿಂದ ಮಾತ್ರ ಏನನ್ನೂ ಹಿಂತಿರುಗಿಸಲು ಯಾರೂ ಬರಲಿಲ್ಲ. ಆ ಮನೆಯವರು ನಮ್ಮಿಂದ ಏನನ್ನೂ ಪಡೆದಿರಲಿಲ್ಲ.