ಕೊನೆಯಿಂದ ಓದುತ್ತಿದ್ದವರು

ಬೆಳಿಗ್ಗೆ ನ್ಯಾಮತಿ ಬಸ್ ನಿಲ್ದಾಣದ ಹತ್ತಿರ ಮೆಕ್ಯಾನಿಕ್ ಒಬ್ಬ ನನ್ನ ಸ್ಕೂಟರಿನ ಯಾವುದೋ ಭಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರೆಸ್ಸಿನ ಸಾಹೇಬರು ನೆನಪಾದರು. ಪಿಯುಸಿ ಮುಗಿಸಿ ಅವರಲ್ಲಿ ಕೆಲಸಕ್ಕೆ ಸೇರಿದ್ದೆ. ಅಚ್ಚುಮೊಳೆಗಳನ್ನು ದಿನಾ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದವಳು ನಾನೇ...

ಈಗ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಬಿಡುವಾದಾಗ, ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಒಂದು ಕಂಪೈಲರಿನ ಕೈಪಿಡಿಯಲ್ಲಿ ಸ್ಪೆಲಿಂಗ್ ತಪ್ಪು ಹುಡುಕುತ್ತೇನೆ. ಅದು ಓಪನ್ ಸೋರ್ಸ್, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಎಲ್ಲೋ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ, ಎಲ್ಲೋ ಒಂದೇ ಪದ ಎರಡು ಸಲ ಬಂದಿರುತ್ತದೆ. ಸಂಬಳವಿಲ್ಲ, ಹೆಸರಿಲ್ಲ, ಕಣ್ಣುರಿ ಮಾತ್ರ ಸ್ವಂತದ್ದು. ಸಾಕಾಯಿತು ಎಂದು ದಿನಾ ಅಂದುಕೊಳ್ಳುತ್ತೇನೆ, ಮತ್ತೆ ಕೂರುತ್ತೇನೆ. ಈ ಚಟ ಅಂಟಿಸಿದವರು ಸಾಹೇಬರೇ.

ಸಾಹೇಬರು ಲಗ್ನಪತ್ರಿಕೆಯ ಪ್ರೂಫನ್ನು ಕೊನೆಯ ಪದದಿಂದ ಹಿಂದಕ್ಕೆ ಓದುತ್ತಿದ್ದರು. "ಮುಂದ್ಲಿಂದ ಓದಿದ್ರೆ ಅರ್ಥ ಎಳ್ಕೊಂಡು ಹೋಗ್ತೈತೆ ಅವ್ವಾ, ತಪ್ಪು ಕಾಣಾದಿಲ್ಲ," ಎನ್ನುತ್ತಿದ್ದರು. ಅವರ ಕೈ ದಾಟಿದ ಪತ್ರಿಕೆಯಲ್ಲಿ ತಪ್ಪಿರುವುದಿಲ್ಲ ಎಂಬ ಮಾತು ಹೊನ್ನಾಳಿಯವರೆಗೂ ಇತ್ತು. ಅದೊಂದೇ ಅವರ ಹೆಮ್ಮೆ.

ಆಮೇಲೆ ಅವರ ಕಣ್ಣು ಮಂಜಾಯಿತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರು ನೋಡಿ ಕೊಟ್ಟ ಪ್ರೂಫಿನಲ್ಲಿ ಮೂರು ನಾಲ್ಕು ತಪ್ಪು ಉಳಿದಿರುತ್ತಿದ್ದವು. ಮಧ್ಯಾಹ್ನ ಅವರು ನಮಾಜಿಗೆ ಹೋದಾಗ ನಾನು ಮೊಳೆ ಬದಲಿಸಿಬಿಡುತ್ತಿದ್ದೆ. ಬಂದು, "ಏನಾರ ಉಳ್ದೈತೇನು?" ಎಂದು ಕೇಳಿದರೆ, "ಏನೂ ಇಲ್ರೀ," ಎನ್ನುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ...

ಒಂದು ದಿನ ಗೋವಿನಕೋವಿ ಊರಿನವರ ಲಗ್ನಪತ್ರಿಕೆ ಬಂತು. ಮದುವೆ ಗುರುವಾರ, ಪ್ರೂಫಿನಲ್ಲಿ ಬುಧವಾರ ಎಂದಿತ್ತು. ಎಂದಿನಂತೆ ಸುಮ್ಮನೆ ಸರಿಪಡಿಸಿ ಅಚ್ಚು ಹಾಕಿದೆ. ಸಾಹೇಬರು ಒಂದು ಪತ್ರಿಕೆಯನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಬುಧವಾರ ಅಂತ ಮೊಳೆ ಇಟ್ಟೋನು ನಾನೇ. ನೀನು ಹೇಳ್ತೀಯೇನೋ ಅಂತ ನೋಡ್ದೆ. ಎಷ್ಟು ದಿನದಿಂದ ಹಿಂಗೆ ನಡ್ಸಿದೀಯವ್ವಾ?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಪ್ರೂಫ್ ಮುಟ್ಟಲಿಲ್ಲ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಊಟ ಆಯಿತಾ ಎಂಬುದಕ್ಕಿಂತ ಹೆಚ್ಚು ನನ್ನ ಹತ್ತಿರ ಮಾತಾಡಲಿಲ್ಲ. ಅದೇ ವರ್ಷ ಪ್ರೆಸ್ ಮುಚ್ಚಿತು. ತಪ್ಪಾಯಿತು ಎಂದು ಹೇಳಿ ಬರಬೇಕೆಂದು ಎಷ್ಟೋ ಸಲ ಅವರ ಓಣಿಯವರೆಗೆ ಹೋಗಿ ಹಿಂದಿರುಗಿದೆ. ಆಮೇಲೆ ಅವರೇ ಹೋಗಿಬಿಟ್ಟರು...

ಇವತ್ತು ಮಧ್ಯಾಹ್ನ ಕೈಪಿಡಿಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಅಲ್ಲಿ ಯಾರ ಸಾಲನ್ನೂ ಕದ್ದು ತಿದ್ದುವಂತಿಲ್ಲ. ಇಂಥ ಸಾಲಿನಲ್ಲಿ ಇಂಥ ತಪ್ಪಿದೆ, ನೋಡಿ ಒಪ್ಪಿ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕು. ಮುಖ ನೋಡದವರಿಗೆ, ಯಾವ ದೇಶದವರೆಂದೂ ತಿಳಿಯದವರಿಗೆ ಅದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸಾಹೇಬರೊಬ್ಬರಿಗೆ ಹೇಳಲಿಲ್ಲ.